ಕೆಬ್ಬೆ ನೆಲಕ್ಕೆ ಪಿಕಾಸಿ: ಮೊನೆ, ಹದ, ಕಾವು

ಶಿವರಾತ್ರಿ ಕಳೆದ ಮೇಲೆ ನಾಗಮಂಗಲ, ಪಾಂಡವಪುರ, ಹುಣಸೂರು ಕಡೆಯ ಖುಷ್ಕಿ ಹೊಲಕ್ಕೆ ಗುದ್ದಲಿ ಹಾಕಿದರೆ ಅದು ಇಳಿಯುವುದಿಲ್ಲ, ಎಗರುತ್ತದೆ. ಮಳೆಗಾಲದಲ್ಲಿ ನೇಗಿಲಿಗೆ ಸಲೀಸಾಗಿ ಸಿಕ್ಕ ಅದೇ ಕೆಬ್ಬೆ, ಅಂದರೆ ಕೆಂಪು ಮಣ್ಣು, ಬೇಸಿಗೆಯಲ್ಲಿ ಸುಟ್ಟ ಇಟ್ಟಿಗೆಯಂತಾಗಿರುತ್ತದೆ. ಆದರೆ ತೆಂಗಿನ ಗುಂಡಿ, ಬೇಲಿ ಕಂಬದ ಗುಂಡಿ, ಪೈಪ್ ಹೂಳುವ ಕಾಲುವೆ, ಮನೆಯ ಪಾಯ ಎಲ್ಲವೂ ಹೊಲ ಖಾಲಿ ಇರುವ ಈ ತಿಂಗಳುಗಳಲ್ಲೇ ಆಗಬೇಕು. ಜೆಸಿಬಿ ಹೋಗದ ಕಡೆ, ಕರೆಸುವಷ್ಟು ಕೆಲಸವಿಲ್ಲದ ಕಡೆ ಪಿಕಾಸಿಯೇ ಗತಿ.

ಒಂದೇ ನೆಲದಲ್ಲಿ ಒಂದೇ ತೂಕದ ಪಿಕಾಸಿ ಹಿಡಿದ ಇಬ್ಬರಲ್ಲಿ ಒಬ್ಬರು ಮಧ್ಯಾಹ್ನದೊಳಗೆ ಗುಂಡಿ ಮುಗಿಸುತ್ತಾರೆ, ಇನ್ನೊಬ್ಬರ ಅಂಗೈಯಲ್ಲಿ ಬೊಬ್ಬೆ ಎದ್ದಿರುತ್ತದೆ. ಇದನ್ನು ತೋಳಿನ ಬಲದ ಲೆಕ್ಕಕ್ಕೆ ಹಾಕುವುದು ರೂಢಿ. ಬಹುಪಾಲು ವ್ಯತ್ಯಾಸ ಇರುವುದು ಮೊನೆಯ ಚೂಪಿನಲ್ಲಿ, ಕಬ್ಬಿಣಕ್ಕೆ ಕೊಟ್ಟ ಹದದಲ್ಲಿ, ಕಾವು, ಅಂದರೆ ಮರದ ಹಿಡಿ, ಕೂತಿರುವ ರೀತಿಯಲ್ಲಿ, ಮತ್ತೆ ಮಣ್ಣನ್ನು ಯಾವ ಕಡೆಗೆ ಬೀಳಿಸುತ್ತೇವೆ ಎಂಬುದರಲ್ಲಿ.

ಮೊದಲು ನೆಲ ಹೀಗೇಕೆ ಎಂದು ನೋಡಬೇಕು. ಮೈಸೂರು, ಮಂಡ್ಯ ಸೀಮೆಯ ತಳದಲ್ಲಿ ಹೆಚ್ಚಾಗಿ ಇರುವುದು ಸುಮಾರು 300 ಕೋಟಿ ವರ್ಷ ಹಳೆಯ, ಪಟ್ಟೆ ಪಟ್ಟೆಯ ನೈಸ್ ಶಿಲೆ, ಅಲ್ಲಲ್ಲಿ ಅದನ್ನು ಸೀಳಿಕೊಂಡು ಬಂದ ಗ್ರಾನೈಟ್. ಚಾಮುಂಡಿ ಬೆಟ್ಟದ ಗ್ರಾನೈಟ್ ಇವುಗಳಿಗಿಂತ ಬಹಳ ಚಿಕ್ಕ ವಯಸ್ಸಿನದು, ಸುಮಾರು 80 ಕೋಟಿ ವರ್ಷ. ಈ ಕಲ್ಲು ಮಳೆಗೆ, ಬಿಸಿಲಿಗೆ ಕೊಳೆಯುವಾಗ ಅದರಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗುತ್ತದೆ, ಬೆಣಚು ಮಾತ್ರ ಕರಗದೆ ಹರಳಾಗಿ ಉಳಿಯುತ್ತದೆ, ಕಬ್ಬಿಣದ ಅಂಶ ತುಕ್ಕಾಗಿ ಮಣ್ಣಿಗೆ ಕೆಂಪು ಕೊಡುತ್ತದೆ. ನೀರಿದ್ದಾಗ ಜೇಡಿ ಮೆತ್ತಗಿದ್ದು ಹರಳುಗಳು ಜಾರಾಡುತ್ತವೆ. ನೀರು ಆರಿದಾಗ ಅದೇ ಜೇಡಿ ಹರಳುಗಳ ನಡುವೆ ಗಾರೆಯ ಕೆಲಸ ಮಾಡುತ್ತದೆ. ಒಂದೆರಡು ಅಡಿ ಕೆಳಗೆ ಹೋದರೆ ಗರಸು, ಅಂದರೆ ಹರಳು ತುಂಬಿದ ಗಟ್ಟಿ ಮಣ್ಣು. ಅದಕ್ಕೂ ಕೆಳಗೆ, ನೋಡಲು ಕಲ್ಲಿನಂತೆಯೇ ಪಟ್ಟೆ ಪಟ್ಟೆಯಾಗಿದ್ದು ಹೊಡೆದರೆ ಪುಡಿಯಾಗುವ ಕೊಳೆತ ಬಂಡೆ. ಆಮೇಲೆ ಜೀವಂತ ಬಂಡೆ. ಪಿಕಾಸಿಯ ರಾಜ್ಯ ಮೊದಲ ಮೂರು ಪದರಗಳಲ್ಲಿ. ನಾಲ್ಕನೆಯದರ ಮೇಲೆ ಅದನ್ನು ಹೊಡೆಯುವುದು ಹತಾರಕ್ಕೂ ಮೈಗೂ ದ್ರೋಹ.

ಪಿಕಾಸಿಗೆ ಎರಡು ತೋಳು. ಒಂದು ಸಣ್ಣದಾಗುತ್ತಾ ಹೋಗಿ ಮೊನೆಯಾಗುತ್ತದೆ. ಇನ್ನೊಂದು ಚಪ್ಪಟೆಯಾಗಿ, ಒಂದೂವರೆಯಿಂದ ಎರಡು ಇಂಚು ಅಗಲದ ಬಾಯಿಯಲ್ಲಿ ಮುಗಿಯುತ್ತದೆ. ನಡುವೆ ಕಾವು ತೂರುವ ಮೊಟ್ಟೆಯಾಕಾರದ ಕಣ್ಣು. ತುದಿಯಿಂದ ತುದಿಗೆ ಸುಮಾರು 55ರಿಂದ 60 ಸೆಂಟಿಮೀಟರ್, ಕಾವು ಬಿಟ್ಟು ತೂಕ ಎರಡೂವರೆಯಿಂದ ಮೂರೂವರೆ ಕಿಲೋ. ದಿನವಿಡೀ ಅಗೆಯುವವರಿಗೆ ಮೂರು ಕಿಲೋದೊಳಗಿನದೇ ಸರಿ. ಭಾರ ಜಾಸ್ತಿಯಾದರೆ ಪೆಟ್ಟು ಜೋರು ಎಂಬುದು ಮೊದಲ ಇಪ್ಪತ್ತು ಪೆಟ್ಟಿಗೆ ನಿಜ, ಆಮೇಲೆ ಎತ್ತುವ ಎತ್ತರವೇ ಕಡಿಮೆಯಾಗುತ್ತದೆ.

ಮೊನೆ ಇರುವುದು ಕಲ್ಲು ಬೆರೆತ ಒಣ ನೆಲಕ್ಕೆ. ಚಪ್ಪಟೆ ಬಾಯಿ ಇರುವುದು ಜೇಡಿ ಹೆಚ್ಚಿರುವ ಮಣ್ಣಿಗೆ, ಬೇರಿಗೆ, ಗುಂಡಿಯ ಗೋಡೆ ನೇರ ಮಾಡುವುದಕ್ಕೆ. ಟಿ. ನರಸೀಪುರ, ನಂಜನಗೂಡು ಕಡೆಯ ಎರೆ ನೆಲದಲ್ಲಿ ಮೊನೆ ಬಳಸಿದರೆ ತೂತು ಬೀಳುತ್ತದೆಯೇ ಹೊರತು ಹೆಂಟೆ ಏಳುವುದಿಲ್ಲ. ಗರಸಿನಲ್ಲಿ ಚಪ್ಪಟೆ ಬಾಯಿ ಬಳಸಿದರೆ ಒಂದೇ ಪೆಟ್ಟು ನಾಲ್ಕಾರು ಹರಳುಗಳ ಮೇಲೆ ಹಂಚಿಹೋಗಿ ಯಾವುದೂ ಅಲುಗುವುದಿಲ್ಲ.

ಪೆಟ್ಟಿನ ಲೆಕ್ಕ ಹೀಗಿದೆ. ಮೂರು ಕಿಲೋ ತೂಕ 1.8 ಮೀಟರ್ ಎತ್ತರದಿಂದ ತಾನಾಗಿ ಬಿದ್ದರೆ ಸುಮಾರು 53 ಜೌಲ್ ಶಕ್ತಿ. ತೋಳು, ಸೊಂಟ ಸೇರಿ ಅದರ ವೇಗ ಸೆಕೆಂಡಿಗೆ 8 ಮೀಟರ್‌ಗೆ ಏರಿದರೆ ಸುಮಾರು 96 ಜೌಲ್. ಮೊನೆ ಮೂರು ಸೆಂಟಿಮೀಟರ್ ಇಳಿದು ನಿಂತರೆ ಆ ಶಕ್ತಿಯೆಲ್ಲ ಅಷ್ಟೇ ದೂರದಲ್ಲಿ ಖರ್ಚಾಗಬೇಕು. ಸರಾಸರಿ ಬಲ ಸುಮಾರು 320 ಕಿಲೋ ಭಾರಕ್ಕೆ ಸಮ. ಒಂದೇ ಸೆಂಟಿಮೀಟರ್ ಇಳಿದರೆ ಹೆಚ್ಚುಕಡಿಮೆ ಒಂದು ಟನ್. ಈ ಭಾರ ಎಷ್ಟು ಜಾಗದ ಮೇಲೆ ಬೀಳುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೊಸ ಮೊನೆಯ ತುದಿ 5 ಮಿಲಿಮೀಟರ್ ಚೌಕವಾದರೆ 25 ಚದರ ಮಿಲಿಮೀಟರ್. ಅದು ಸವೆದು 15 ಮಿಲಿಮೀಟರ್ ಚೌಕವಾದರೆ 225. ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಸೆಂಟಿಮೀಟರ್, ಜಾಗ ಮಾತ್ರ ಒಂಬತ್ತು ಪಟ್ಟು. ಮೊಂಡು ಪಿಕಾಸಿಯಲ್ಲಿ ಅಗೆಯುವವರು ಸೋಮಾರಿಗಳಂತೆ ಕಾಣುವುದು ಈ ಕಾರಣಕ್ಕೆ.

ತೋಳುಗಳು ಬಿಲ್ಲಿನಂತೆ ಬಾಗಿರುವುದಕ್ಕೂ ಅರ್ಥವಿದೆ. ಬೀಸಿದ ಪಿಕಾಸಿ ಗಾಳಿಯಲ್ಲಿ ಸಾಗುವುದು ಕಮಾನಿನ ದಾರಿಯಲ್ಲಿ. ತೋಳೂ ಆ ದಾರಿಗೆ ಹೊಂದುವಷ್ಟು ಬಾಗಿದ್ದರೆ ಮೊನೆ ತಾನು ಬರುತ್ತಿರುವ ದಿಕ್ಕಿನಲ್ಲೇ ನೆಲ ಹೊಗುತ್ತದೆ. ಕುಲುಮೆಯಲ್ಲಿ ತಟ್ಟುವಾಗ ಯಾರಾದರೂ ತೋಳನ್ನು ನೆಟ್ಟಗೆ ಮಾಡಿಬಿಟ್ಟರೆ ಮೊನೆ ಓರೆಯಾಗಿ ತಾಗಿ, ಪ್ರತಿ ಪೆಟ್ಟಿಗೂ ಜಾರುತ್ತದೆ. ತಟ್ಟಿಸಲು ಕೊಡುವ ಮುಂಚೆ ಒಂದು ರಟ್ಟಿನ ಮೇಲೆ ಪಿಕಾಸಿಯನ್ನಿಟ್ಟು ಬಾಗಿನ ಗೆರೆ ಎಳೆದಿಟ್ಟುಕೊಂಡರೆ ವಾಪಸ್ ಬಂದಾಗ ಹೋಲಿಸಬಹುದು.

ಅಗೆಯುವುದು

ತೆಂಗಿಗೆ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ಎಂದುಕೊಳ್ಳಿ. ಅದು 27 ಘನ ಅಡಿ ಮಣ್ಣು. ತೂಕದಲ್ಲಿ ಒಂದು ಟನ್ನಿಗೂ ಮೇಲೆ, ಅಗೆದ ಮೇಲೆ ಉಬ್ಬಿ ಗುಂಡಿಗಿಂತ ದೊಡ್ಡ ರಾಶಿ. ಹಿಂದಿನ ಸಂಜೆ ಗುರುತಿನ ಸುತ್ತ ನಾಲ್ಕು ಬೆರಳು ಎತ್ತರದ ಮಣ್ಣಿನ ಕಟ್ಟೆ ಕಟ್ಟಿ ಎರಡು ಮೂರು ಬಿಂದಿಗೆ ನೀರು ನಿಲ್ಲಿಸಿದರೆ ಮೇಲಿನ ಮುಕ್ಕಾಲು ಅಡಿ ಬೆಳಗಿನೊಳಗೆ ಹದಕ್ಕೆ ಬಂದಿರುತ್ತದೆ. ಒಂದೇ ಸಲ ಸುರಿದರೆ ನೀರು ಹರಿದುಹೋಗುತ್ತದೆ. ಗಟ್ಟಿ ಕೆಬ್ಬೆ ನಿಧಾನವಾಗಿ ಕುಡಿಯುವ ಮಣ್ಣು. ಎರೆ ನೆಲಕ್ಕೆ ಈ ಉಪಾಯ ಬೇಡ, ಪಿಕಾಸಿಗೆ ಮೆತ್ತಿಕೊಂಡು ಎತ್ತಲಾಗುವುದಿಲ್ಲ.

ಹೊಸಬರು ಮಾಡುವ ದೊಡ್ಡ ತಪ್ಪು ಗುರುತಿನ ಒಳಗೆಲ್ಲ ಒಂದೊಂದು ಪೆಟ್ಟು ಹಾಕುತ್ತಾ ಹೋಗುವುದು. ನಾಲ್ಕೂ ಕಡೆ ಬಿಗಿದುಕೊಂಡ ಮಣ್ಣಿಗೆ ಹೊಡೆದರೆ ಅದಕ್ಕೆ ಸರಿಯಲು ಜಾಗವಿಲ್ಲ, ಮೊನೆ ಸುತ್ತಲಿನ ಮಣ್ಣನ್ನೇ ಇನ್ನಷ್ಟು ಒತ್ತಿ ಗಟ್ಟಿ ಮಾಡುತ್ತದೆ. ಮೊದಲು ಒಂದು ಮೂಲೆಯಲ್ಲಿ ಮೊಳದಗಲದ ಕುಳಿ ತೆಗೆದು ಅರ್ಧ ಅಡಿ ಇಳಿಯಬೇಕು. ಇದು ಬಾಯಿ. ಆಮೇಲಿನ ಪ್ರತಿ ಪೆಟ್ಟೂ ಈ ಬಾಯಿಯ ಅಂಚಿನಿಂದ ನಾಲ್ಕರಿಂದ ಆರು ಇಂಚು ಹಿಂದಕ್ಕೆ. ಮೊನೆ ಇಳಿದ ಕೂಡಲೆ ಕಾವಿನ ಹಿಂತುದಿಯನ್ನು ಮೇಲೆತ್ತಿದರೆ ಮೊನೆ ನಮ್ಮ ಕಡೆಗೆ ಮೀಟುತ್ತದೆ, ಹೆಂಟೆ ಬಿರುಕು ಬಿಟ್ಟು ಖಾಲಿ ಕುಳಿಗೆ ಬೀಳುತ್ತದೆ. ಹಾಗಾಗಿ ನಾವು ನಿಲ್ಲಬೇಕಾದ್ದು ಕುಳಿಯ ಕಡೆ, ಹೊಡೆಯಬೇಕಾದ್ದು ಕುಳಿಯ ಆಚೆ ದಡಕ್ಕೆ. ಮಣ್ಣನ್ನು ಒತ್ತಿ ಪುಡಿ ಮಾಡುವುದಕ್ಕಿಂತ ಎಳೆದು ಬಿರಿಸುವುದು ಹಲವು ಪಟ್ಟು ಹಗುರ, ಕಲ್ಲಿಗೂ ಈ ಮಾತು ನಿಜ. ಬಾಯಿ ತೆಗೆದು ಅಗೆದವರಿಗೂ ಸುಮ್ಮನೆ ಕೆತ್ತಿದವರಿಗೂ ಇರುವ ವ್ಯತ್ಯಾಸ ಇಷ್ಟರಲ್ಲೇ ಇದೆ.

ಕಾವು ಮೂರು ಅಡಿ, ತೋಳು ಒಂದಡಿಗೆ ಸ್ವಲ್ಪ ಕಡಿಮೆ. ಅಂದರೆ ಮೀಟುವಾಗ ಕೈಯ ಬಲ ಮೂರು ಪಟ್ಟಾಗುತ್ತದೆ. ಅಷ್ಟಕ್ಕೆ ಏಳದ ಕಲ್ಲು ಸಿಕ್ಕರೆ ಪಿಕಾಸಿಯನ್ನು ಪಕ್ಕಕ್ಕಿಟ್ಟು ಹಾರೆ ತೆಗೆದುಕೊಳ್ಳಬೇಕು. ಕಾವಿನ ತುದಿಗೆ ಇಬ್ಬರು ಜೋತುಬಿದ್ದು ಮೀಟಿದರೆ ಮುರಿಯುವುದು ಕಣ್ಣಿನ ಹತ್ತಿರ ಮರ. ಕಾವನ್ನು ಎಡಬಲಕ್ಕೆ ತಿರುಚಿ ಮೀಟುವುದು ಅದಕ್ಕಿಂತ ಕೆಟ್ಟದ್ದು, ಗಟ್ಟಿ ಹದದ ಮೊನೆ ಅಡ್ಡ ಬಲಕ್ಕೆ ಟಕ್ಕನೆ ಮುರಿಯುತ್ತದೆ.

ಬೀಸುವಾಗ ಕಾಲುಗಳ ನಡುವೆ ಭುಜದಷ್ಟು ಅಂತರ. ಒಂದು ಕೈ ಕಾವಿನ ತುದಿಯಲ್ಲಿ, ಇನ್ನೊಂದು ಕಬ್ಬಿಣದ ಹತ್ತಿರ. ಎತ್ತಿದ ಮೇಲೆ ಬೀಳುವಾಗ ಮುಂದಿನ ಕೈ ಜಾರಿ ಹಿಂದಿನದರ ಬಳಿ ಬರಬೇಕು. ತಲೆಗಿಂತ ಹಿಂದಕ್ಕೆ ಒಯ್ಯುವ ಅಗತ್ಯವಿಲ್ಲ. ತಾಗುವ ಕ್ಷಣದಲ್ಲಿ ಹಿಡಿತ ಸ್ವಲ್ಪ ಸಡಿಲವಿದ್ದರೆ ಪೆಟ್ಟಿನ ಅದುರು ಮಣಿಕಟ್ಟಿಗೆ ಬರುವುದಿಲ್ಲ. ಸುತ್ತ ಮೂರು ಮೀಟರ್ ಯಾರೂ ಇರಬಾರದು. ಮಣ್ಣು ಬಾಚುವವರು ಬಾಂಡ್ಲಿ ಹಿಡಿದು ಗುಂಡಿಯೊಳಗೆ ಬಗ್ಗಿರುವಾಗ ಮೇಲಿನವರು ಪಿಕಾಸಿ ಎತ್ತಲೇಬಾರದು. ಗರಸು ಬಂದ ಮೇಲೆ ಕನ್ನಡಕ ಬೇಕು. ಬೆಣಚಿನ ಚೂರು ಗಾಜಿನಷ್ಟೇ ಹರಿತ. ಐದು ಅಡಿಗಿಂತ ಆಳದ ನೇರ ಗೋಡೆಯ ಕಾಲುವೆಗೆ ಹಲಗೆ ಕೊಡದೆ ಇಳಿಯಬಾರದು, ಬೇಸಿಗೆಯಲ್ಲಿ ಕಲ್ಲಿನಂತೆ ನಿಂತ ಗೋಡೆ ಒಂದು ಮಳೆಗೆ ಕುಸಿಯುತ್ತದೆ. ಊರೊಳಗೆ, ಮೈಸೂರಿನಂಥ ಕಡೆ, ಅಗೆಯುವಾಗ ಸಾಲಾಗಿ ಇಟ್ಟ ಇಟ್ಟಿಗೆಯೋ ತಂದು ಹಾಕಿದ ಮರಳೋ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿಯೋ ಕಂಡರೆ ಅದರ ಕೆಳಗೆ ಕರೆಂಟ್ ಕೇಬಲ್ ಇದೆ ಎಂದೇ ತಿಳಿದು ನಿಲ್ಲಿಸಬೇಕು.

ಕೊಳೆತ ಬಂಡೆಯ ಪದರದಲ್ಲಿ ಕಣ್ಣಿಗೆ ಕೆಲಸ ಹೆಚ್ಚು. ನೈಸ್ ಶಿಲೆಯ ಕಪ್ಪು ಬಿಳುಪು ಪಟ್ಟೆಗಳು ಯಾವ ಕಡೆ ಓಡುತ್ತಿವೆ ನೋಡಿ, ಎರಡು ಪಟ್ಟೆಗಳು ಸೇರುವ ಗೆರೆಯಲ್ಲಿ, ಇಲ್ಲವೇ ಬೇರು ಇಳಿದಿರುವ ಬಿರುಕಿನಲ್ಲಿ ಮೊನೆ ನಾಟಿಸಬೇಕು. ಪಟ್ಟೆಗೆ ಅಡ್ಡಲಾಗಿ ಹತ್ತು ಪೆಟ್ಟು ತಿನ್ನುವ ಕಲ್ಲು ಪಟ್ಟೆಯ ಉದ್ದಕ್ಕೆ ಎರಡೇ ಪೆಟ್ಟಿಗೆ ಹಲಗೆಯಾಗಿ ಏಳುತ್ತದೆ.

ಕುಲುಮೆಯ ಕೆಲಸ

ಪಿಕಾಸಿಯ ಆಯಸ್ಸು ನಿರ್ಧಾರವಾಗುವುದು ಇಲ್ಲಿ. ಕಡ್ಡಿ ಕಬ್ಬಿಣದಿಂದ, ಅಂದರೆ ಕಟ್ಟಡಕ್ಕೆ ಬಳಸುವಂಥ ಮೆತ್ತನೆಯ ಉಕ್ಕಿನಿಂದ ಮಾಡಿದ ಪಿಕಾಸಿಗೆ ಹದವೇ ಹಿಡಿಯುವುದಿಲ್ಲ. ಇಂಗಾಲ ನೂರಕ್ಕೆ ಅರ್ಧ ಭಾಗದಿಂದ ಮುಕ್ಕಾಲು ಭಾಗದವರೆಗೆ ಇರುವ ಉಕ್ಕು ಬೇಕು. ಲಾರಿಯ ಕಮಾನು ಪಟ್ಟಿಯಲ್ಲಿ ಈ ಗುಣವಿದೆ, ಅದಕ್ಕೇ ಹಳ್ಳಿಯ ಕುಲುಮೆಗಳಲ್ಲಿ ಹಳೆಯ ಪಟ್ಟಿಗೆ ಬೆಲೆ. ಇಂಥ ಉಕ್ಕನ್ನು ಕೆಂಪಗೆ ಕಾಸಿ ಒಮ್ಮೆಲೇ ತಣಿಸಿದರೆ ಗಾಜಿನಂತೆ ಗಟ್ಟಿಯಾಗುತ್ತದೆ, ಗಾಜಿನಂತೆ ಒಡೆಯುತ್ತದೆ ಕೂಡ. ಮತ್ತೆ ಸ್ವಲ್ಪ ಬಿಸಿ ಕೊಟ್ಟರೆ ಗಡಸುತನ ತುಸು ಇಳಿದು ತಾಳಿಕೆ ಬರುತ್ತದೆ. ಹದ ಎಂದರೆ ಈ ಎರಡರ ನಡುವಿನ ಜಾಗ.

ಕೆಲಸ ನಡೆಯುವುದು ತುದಿಯ ಮೂರು ನಾಲ್ಕು ಇಂಚಿನಲ್ಲಿ ಮಾತ್ರ. ಕಿತ್ತಳೆ ಬಣ್ಣಕ್ಕೆ ಬರುವವರೆಗೆ ಇದ್ದಿಲಿನಲ್ಲಿ ಕಾಸಿ, ನಾಲ್ಕು ಮುಖಗಳನ್ನೂ ಸಮವಾಗಿ ತಟ್ಟಿ ಮೊನೆ ಎಳೆಯುತ್ತಾರೆ. ಬಣ್ಣ ಮಾಸಲು ಕೆಂಪಿಗೆ ಇಳಿದ ಕೂಡಲೆ ಸುತ್ತಿಗೆ ನಿಲ್ಲಬೇಕು. ಆಮೇಲೆ ತಟ್ಟಿದರೆ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ. ಉಕ್ಕು ಬೆಳ್ಳಗಾಗಿ ಕಿಡಿ ಚಿಮ್ಮಿದರೆ ಅದು ಸುಟ್ಟಿತು ಎಂದರ್ಥ, ಆ ಭಾಗ ಕತ್ತರಿಸಿ ಎಸೆಯದೆ ಬೇರೆ ದಾರಿಯಿಲ್ಲ. ಮೊನೆಯನ್ನು ಸೂಜಿಯಂತೆ ಉದ್ದಕ್ಕೆ ಎಳೆಸುವ ಆಸೆ ಬೇಡ. ತುದಿಯಿಂದ ಎರಡು ಇಂಚಿನಲ್ಲೇ ಹೆಬ್ಬೆರಳ ದಪ್ಪ ಸಿಗಬೇಕು, ಇಲ್ಲದಿದ್ದರೆ ಗರಸಿನಲ್ಲಿ ಬಾಗುತ್ತದೆ.

ತಟ್ಟಿದ ಮೇಲೆ ಹದ. ತುದಿಯ ಎರಡು ಇಂಚನ್ನು ಮಾಗಿದ ಚೆರ್ರಿ ಹಣ್ಣಿನ ಕೆಂಪಿಗೆ ತರಬೇಕು, ಸುಮಾರು 800 ಡಿಗ್ರಿ ಸೆಲ್ಸಿಯಸ್. ಬಿಸಿಲಿನಲ್ಲಿ ಈ ಬಣ್ಣ ಗೊತ್ತಾಗುವುದಿಲ್ಲ. ಕುಲುಮೆಗಳು ಕತ್ತಲಾಗಿರುವುದು ಬಣ್ಣ ಓದುವ ಅನುಕೂಲಕ್ಕೂ ಹೌದು. ಅನುಮಾನವಿದ್ದರೆ ಅಯಸ್ಕಾಂತ ತೋರಿಸಬಹುದು, 770 ಡಿಗ್ರಿ ದಾಟಿದ ಉಕ್ಕಿಗೆ ಅದು ಅಂಟುವುದಿಲ್ಲ. ಆಮೇಲೆ ತುದಿಯ ಒಂದು ಒಂದೂವರೆ ಇಂಚು ಮಾತ್ರ ನೀರಿಗೆ. ಅಲ್ಲಾಡದೆ ಹಿಡಿದರೆ ನೀರಿನ ಗೆರೆ ಇದ್ದ ಕಡೆಯೇ ಮುಂದೆ ಮುರಿಯುತ್ತದೆ, ಆದ್ದರಿಂದ ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಿರಬೇಕು. ತುದಿ ಕಪ್ಪಾದ ತಕ್ಷಣ ಹೊರತೆಗೆದು ಇಟ್ಟಿಗೆ ಚೂರಿನಿಂದ ಒಂದು ಮುಖ ಉಜ್ಜಿ ಬೆಳ್ಳಿಯಂತೆ ಹೊಳೆಸಬೇಕು.

ಈಗ ಹಿಂದಿನ ಭಾಗದಲ್ಲಿ ಉಳಿದ ಬಿಸಿ ಮುಂದಕ್ಕೆ ಹರಿದು ಬರುತ್ತದೆ, ಹೊಳೆಯುವ ಮುಖದ ಮೇಲೆ ಬಣ್ಣಗಳು ಓಡುತ್ತವೆ: ಮೊದಲು ಒಣಹುಲ್ಲಿನ ಹಳದಿ, 220-230 ಡಿಗ್ರಿ, ಆಮೇಲೆ ಕಂದು, 250ರ ಆಸುಪಾಸು, ನೇರಳೆ, 270-280, ಕೊನೆಗೆ ನೀಲಿ, 300ರ ಹತ್ತಿರ. ಹಳದಿಯಲ್ಲೇ ತಣಿಸಿದರೆ ಮೊನೆ ಬಹಳ ಗಡಸು, ಮೊದಲ ಬೆಣಚುಕಲ್ಲಿಗೇ ಚೂರಾಗುತ್ತದೆ. ನೀಲಿ ದಾಟಲು ಬಿಟ್ಟರೆ ಮೆತ್ತಗಾಗಿ ಅಣಬೆಯಂತೆ ಮಡಚಿಕೊಳ್ಳುತ್ತದೆ. ನಮ್ಮ ಗರಸು, ಕೊಳೆತ ಬಂಡೆಗೆ ನೇರಳೆ ಬಣ್ಣ ತುದಿ ಮುಟ್ಟಿದಾಗ ಪೂರ್ತಿ ನೀರಿಗೆ ಹಾಕುವುದು ಸರಿಯಾದ ಹದ. ಇದೆಲ್ಲ ಒಂದು ನಿಮಿಷದೊಳಗೆ ಮುಗಿಯುತ್ತದೆ, ಅಷ್ಟೂ ಹೊತ್ತು ಆ ಬಣ್ಣ ನೋಡುತ್ತಾ ನಿಂತವರ ಕಣ್ಣಿಗೆ ಕೂಲಿ ಕೊಡುತ್ತಿದ್ದೇವೆ ಎಂದು ತಿಳಿಯಬೇಕು. ಪಿಕಾಸಿಯ ಕಣ್ಣಿನ, ಅಂದರೆ ಕಾವು ತೂರುವ ತೂತಿನ, ಸುತ್ತಲಿನ ಭಾಗಕ್ಕೆ ಹದ ಕೊಡುವ ಹಾಗಿಲ್ಲ, ಅದು ಮೆತ್ತಗಿದ್ದೇ ಪೆಟ್ಟನ್ನು ತಾಳಬೇಕು.

ಇಂದು ಕುಲುಮೆಗಳು ಕಡಿಮೆಯಾಗಿ ಎಲ್ಲ ಹತಾರವೂ ವೆಲ್ಡಿಂಗ್ ಅಂಗಡಿಗೆ ಹೋಗುತ್ತಿದೆ. ಅಲ್ಲಿ ಗ್ರೈಂಡರ್ ಹಿಡಿದರೆ ಎರಡೇ ನಿಮಿಷಕ್ಕೆ ಮೊನೆ ಮಿಂಚುತ್ತದೆ. ಆದರೆ ತುದಿಯಲ್ಲಿ ನೀಲಿ ಕಲೆ ಕಂಡಿತೋ, ಬಿಸಿ 300 ಡಿಗ್ರಿಗೆ ಏರಿ ಹದ ಹೋಯಿತು. ಗ್ರೈಂಡರ್ ಬಳಸಲೇಬೇಕಾದರೆ ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಬೇಕು, ಬೆರಳಿಗೆ ಬಿಸಿ ತಡೆಯುವಷ್ಟರಲ್ಲೇ ಇರಬೇಕು. ಅರದಿಂದ ಉಜ್ಜುವುದು ನಿಧಾನವಾದರೂ ಅಪಾಯವಿಲ್ಲ. ಇನ್ನು ಸವೆದ ತುದಿಗೆ ಉಕ್ಕಿನ ತುಂಡು ವೆಲ್ಡ್ ಮಾಡಿಸುವುದು: ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ, ಅದರ ಪಕ್ಕದಲ್ಲಿ ಬಿಸಿಯಾಗಿ ತಾನೇ ತಣಿದ ಉಕ್ಕು ಪೆಡಸಾಗಿ ಬಿರಿಯುತ್ತದೆ.

ಒಂದು ಹೊತ್ತಿನ ಗರಸು ಕೆಲಸಕ್ಕೆ ಮೊನೆ ಮೊಂಡಾಗುವುದು ಸಹಜ. ಒಂದೇ ಪಿಕಾಸಿಯ ಬದಲು ಎರಡಿಟ್ಟುಕೊಂಡು ಒಂದು ಹೊಲದಲ್ಲಿ, ಒಂದು ಕುಲುಮೆಯಲ್ಲಿ ಇರುವಂತೆ ನೋಡಿಕೊಂಡರೆ ಮೊಂಡು ಮೊನೆಯಲ್ಲಿ ಮೈ ಮುರಿದುಕೊಳ್ಳುವುದು ತಪ್ಪುತ್ತದೆ.

ಕಾವು

ಸುತ್ತಿಗೆ, ಕೊಡಲಿಗೆ ಕಾವು ಕೆಳಗಿನಿಂದ ತೂರಿ ಮೇಲೆ ಬೆಣೆ ಹೊಡೆಯುತ್ತಾರೆ. ಪಿಕಾಸಿಯದು ತಿರುಗುಮುರುಗು. ಕಾವಿನ ಒಂದು ತುದಿ ದಪ್ಪ. ಸಣ್ಣ ತುದಿಯನ್ನು ಕಣ್ಣಿನ ಮೇಲಿನಿಂದ ಇಳಿಸಿ, ಪಿಕಾಸಿಯನ್ನು ಕಾವಿನುದ್ದಕ್ಕೂ ಎಳೆದು ದಪ್ಪ ತುದಿಗೆ ಬಿಗಿಯುತ್ತಾರೆ. ಕಣ್ಣು ಕೂಡ ಮೇಲೆ ಅಗಲ, ಕೆಳಗೆ ಕಿರಿದು. ಬೀಸಿದಷ್ಟೂ ಕಬ್ಬಿಣ ಹೊರಗೆ ಹಾರಲು ನೋಡುತ್ತದೆ, ಹಾರಲು ನೋಡಿದಷ್ಟೂ ದಪ್ಪ ತುದಿಗೆ ಇನ್ನೂ ಬಿಗಿಯುತ್ತದೆ. ಬೆಣೆ ಇಲ್ಲದೆಯೂ ಪಿಕಾಸಿ ಕಳಚಿ ಹಾರದಿರುವುದಕ್ಕೆ ಇದೇ ಕಾರಣ. ಕಾವಿನ ತುದಿ ಕಣ್ಣಿನಿಂದ ಅರ್ಧ ಇಂಚು ಹೊರಗೆ ಕಾಣುತ್ತಿರಬೇಕು. ಅದು ಕಬ್ಬಿಣದ ಮಟ್ಟಕ್ಕೆ ಬಂದಿದ್ದರೆ ಮರ ಸವೆದಿದೆ.

ಅಪಾಯ ಇರುವುದು ಇನ್ನೊಂದು ದಿಕ್ಕಿನಲ್ಲಿ. ಸಡಿಲವಾದ ಪಿಕಾಸಿಯನ್ನು ಮೇಲೆತ್ತಿದಾಗ ಅದು ಕಾವಿನುದ್ದಕ್ಕೂ ಜಾರಿ ಕೈಮೇಲೆ ಬೀಳುತ್ತದೆ. ಕೆಲಸ ಶುರು ಮಾಡುವ ಮುಂಚೆ ಕಬ್ಬಿಣ ಮೇಲಾಗಿ ಹಿಡಿದು ಕಾವಿನ ಹಿಂತುದಿಯನ್ನು ಮೆಲ್ಲಗೆ ನೆಲಕ್ಕೆ ಕುಟ್ಟಿ ನೋಡಬೇಕು, ಕದಲಿದರೆ ಬಳಸಬಾರದು. ಕಬ್ಬಿಣ ಕೆಳಗೆ ಮಾಡಿ ಕಾವಿನ ಸಣ್ಣ ತುದಿಯನ್ನು ಕೈಯಲ್ಲಿ ಹಿಡಿದೆತ್ತಿ, ದಪ್ಪ ತುದಿ ನೆಲಕ್ಕೂ ಕಲ್ಲಿಗೂ ತಾಗದಂತೆ ಪಿಕಾಸಿಯನ್ನು ಮಾತ್ರ ಮರದ ಕೊರಡಿನಿಂದ ಹೊಡೆದು ಬಿಗಿಮಾಡಬೇಕು.

ಸಡಿಲಾದ ಕೂಡಲೆ ರಾತ್ರಿ ನೀರಿನಲ್ಲಿ ನೆನೆಹಾಕುವುದು ಎಲ್ಲರೂ ಮಾಡುವ ಉಪಾಯ. ಮರ ಉಬ್ಬಿ ಬೆಳಿಗ್ಗೆ ಬಿಗಿಯಾಗಿರುತ್ತದೆ, ನಿಜ. ಆದರೆ ಕಬ್ಬಿಣದ ಕಣ್ಣು ಹಿಗ್ಗುವುದಿಲ್ಲವಾದ್ದರಿಂದ ಉಬ್ಬಿದ ನಾರು ಒಳಗೆ ಜಜ್ಜಿಹೋಗುತ್ತದೆ. ಎರಡು ದಿನದ ಬಿಸಿಲಿಗೆ ಆರಿ ಮುಂಚೆಗಿಂತ ಸಣ್ಣದಾಗುತ್ತದೆ. ಒಂದು ದಿನದ ತುರ್ತಿಗೆ ಮಾತ್ರ ಸರಿ.

ಮರಗಳಲ್ಲಿ ದಿಂಡಿಗ ಮತ್ತು ತಡಸಲು ಉತ್ತಮ. ದಿಂಡಿಗ ಗಟ್ಟಿ, ತಡಸಲು ಪೆಟ್ಟಿಗೆ ಬಳುಕುವ ಜಾತಿ. ಎರಡೂ ಸಿಗದ ಕಡೆ ಜಾಲಿ. ನೀಲಗಿರಿ ನೆಟ್ಟಗಿರುತ್ತದೆ, ಸುಲಭವಾಗಿ ಸಿಗುತ್ತದೆ, ಒಣಗುವಾಗ ತಿರುಚಿಕೊಂಡು ಸೀಳುತ್ತದೆ. ತೇಗ ಈ ಕೆಲಸದ ಮರವಲ್ಲ. ಯಾವುದೇ ಆಗಲಿ, ಸಿಪ್ಪೆ ಸಮೇತ ನೆರಳಿನಲ್ಲಿ ಕೆಲವು ತಿಂಗಳು ಒಣಗಬೇಕು. ಎಳೆ ತುದಿಯಿಂದ ತುದಿಗೆ ನೇರವಾಗಿ ಓಡಿರಬೇಕು. ಎಳೆ ನಡುವೆ ಓರೆಯಾಗಿ ಹೊರಬಿದ್ದ ಕಡೆ, ಗಂಟು ಇರುವ ಕಡೆ ಮುರಿಯುವುದು ಖಂಡಿತ. ಬಣ್ಣ ಬಳಿದ ಕಾವನ್ನು ಕೊಳ್ಳಬಾರದು, ಬಣ್ಣದ ಕೆಳಗೆ ಎಳೆ ಕಾಣುವುದಿಲ್ಲ. ವರ್ಷಕ್ಕೆ ಎರಡು ಸಲ ಅಗಸೆ ಎಣ್ಣೆ ಅಥವಾ ಹೊಂಗೆ ಎಣ್ಣೆ ಒರೆಸಿದರೆ ಸಾಕು. ಆಯುಧ ಪೂಜೆಗೆ ಹತಾರಗಳನ್ನೆಲ್ಲ ತೊಳೆದು ಸಾಲಾಗಿ ಇಡುವ ಸೀಮೆ ನಮ್ಮದು. ಅಂದು ಕುಂಕುಮ ಇಡುವ ಮುಂಚೆ ಪಿಕಾಸಿಯನ್ನು ಕಾವಿನಿಂದ ಬಿಡಿಸಿ, ಕಣ್ಣಿನೊಳಗೆ ಅಡಗಿರುವ ಮರದ ಭಾಗ ಕೊಳೆತಿದೆಯೇ ನೋಡುವುದು ಒಳ್ಳೆಯದು. ಕಾವು ಮುರಿಯುವುದು ಹೆಚ್ಚಾಗಿ ಕಾಣದ ಆ ಎರಡು ಇಂಚಿನಲ್ಲೇ. ಕಬ್ಬಿಣವನ್ನು ದಾರದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು; ಒಡಕು ಮಡಕೆಯ ಸದ್ದು ಬಂದರೆ ಎಲ್ಲೋ ಬಿರುಕಿದೆ.

ಬಂಡೆ ಸಿಕ್ಕಾಗ

ಗಟ್ಟಿ ಗ್ರಾನೈಟ್ ಒಡೆಯಲು ಪ್ರತಿ ಚದರ ಸೆಂಟಿಮೀಟರಿಗೆ ಒಂದರಿಂದ ಎರಡು ಟನ್ ಒತ್ತಡ ಬೇಕು. ಅದರ ಮೇಲೆ ಬಿದ್ದ ಮೊನೆ ಒಂದು ಮಿಲಿಮೀಟರ್ ಕೂಡ ಇಳಿಯದೆ ನಿಲ್ಲುವುದರಿಂದ ಶಕ್ತಿಯೆಲ್ಲ ತುದಿಯನ್ನು ಚಪ್ಪಟೆ ಮಾಡುವುದಕ್ಕೂ ಮಣಿಕಟ್ಟನ್ನು ಅದುರಿಸುವುದಕ್ಕೂ ಹೋಗುತ್ತದೆ. ಸದ್ದಿನಿಂದಲೇ ತಿಳಿಯುತ್ತದೆ: ಕೊಳೆತ ಬಂಡೆ 'ದಬ್' ಎನ್ನುತ್ತದೆ, ಜೀವಂತ ಬಂಡೆ 'ಠಣ್' ಎಂದು ಕೂಗುತ್ತದೆ. ಠಣ್ ಎಂದಮೇಲೆ ಕೆಲಸ ಉಳಿ, ಸಮ್ಮಟಿ, ಬೆಣೆಗಳದು. ಕಲ್ಲುಕುಟಿಗರು ಒಂದೇ ಗೆರೆಯಲ್ಲಿ ಕುಳಿಗಳನ್ನು ಕೊರೆದು, ಎಲ್ಲಕ್ಕೂ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಸರದಿಯಂತೆ ಸ್ವಲ್ಪ ಸ್ವಲ್ಪವೇ ಹೊಡೆಯುತ್ತಾರೆ. ಒಂದೇ ಬೆಣೆಗೆ ಜೋರಾಗಿ ಹೊಡೆದರೆ ಗೆರೆ ಬಿಟ್ಟು ಸೀಳುತ್ತದೆ.

ಹಾಸುಬಂಡೆಯಿಂದ ಚಪ್ಪಡಿ ಎಬ್ಬಿಸಲು ಬೆಂಕಿ ಹಾಕುವ ಹಳೆಯ ಕ್ರಮವೂ ಇದೆ. ಕಲ್ಲಿನೊಳಗೆ ಬಿಸಿ ಬೇಗ ಇಳಿಯುವುದಿಲ್ಲ. ಮೇಲಿನ ಕೆಲವು ಇಂಚು ಹಿಗ್ಗುತ್ತದೆ, ಕೆಳಗಿನದು ಹಾಗೇ ಇರುತ್ತದೆ, ನಡುವೆ ಪದರ ಬಿಡುತ್ತದೆ. ಪದರ ಬಿಟ್ಟ ಜಾಗದ ಮೇಲೆ ತಟ್ಟಿದರೆ ಟೊಳ್ಳು ಸದ್ದು. ಆಗ ಹಾರೆಗೆ ಕೆಲಸ, ಪಿಕಾಸಿಯ ಮೊನೆ ಅಂಚಿನ ಬಿರುಕನ್ನು ಶುಚಿ ಮಾಡುವುದಕ್ಕೆ ಮಾತ್ರ.

ಪದೇ ಪದೇ ತಟ್ಟಿಸಿ ಪಿಕಾಸಿಯ ತೋಳು ಗಿಡ್ಡವಾಗುತ್ತಾ ಬರುತ್ತದೆ. ಒಂದು ಗೇಣಿಗಿಂತ ಕಡಿಮೆಯಾದರೆ, ಅಥವಾ ಒಂದು ತೋಳು ಇನ್ನೊಂದಕ್ಕಿಂತ ಮೂರು ಬೆರಳು ಗಿಡ್ಡವಾದರೆ ಬೀಸುವಾಗ ಕೈಯಲ್ಲಿ ತಿರುಗಲು ಶುರುವಾಗುತ್ತದೆ, ಬಯಲಿನ ಅಗೆತಕ್ಕೆ ಅದು ಮುಗಿಯಿತು. ಅದಕ್ಕೆ ಒಂದೂವರೆ ಅಡಿಯ ಕಾವು ಹಾಕಿದರೆ ಇಕ್ಕಟ್ಟಿನ ಕೆಲಸಕ್ಕೆ ಬರುತ್ತದೆ. ರಾಗಿ ತುಂಬುವ ನೆಲದೊಳಗಿನ ಕಣಜಗಳಾದ ಹಗೇವುಗಳನ್ನು ತೋಡುವಾಗ, ಮೇಲೆ ಕಿರಿದಾದ ಬಾಯಿ ಬಿಟ್ಟು ಒಳಗೆ ಕೂತು ಸುತ್ತಲೂ ಅಗಲಿಸುವ ಜಾಗದಲ್ಲಿ, ಉದ್ದ ಕಾವು ತಿರುಗುವುದೇ ಇಲ್ಲ. ಹಳೆಯ ಹಗೇವು, ಬಾವಿಗಳನ್ನು ದುರಸ್ತಿಗೆ ತೆರೆದರೆ ಮಾತ್ರ ಕೂಡಲೆ ಇಳಿಯಬಾರದು. ಉಸಿರಾಡುವ ಗಾಳಿ ಅಲ್ಲಿ ಇಲ್ಲದಿರಬಹುದು. ಬಾಯಿ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಅದು ಆರಿದರೆ ಯಾರನ್ನೂ ಇಳಿಸಬಾರದು. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಇಬ್ಬರು ಹಿಡಿದಿರುವಾಗಲೇ ಇಳಿಯಬೇಕು.